ಮಂಜುಳಾ ಕಟ್ಟಿದ ನೀಲಿ ಪ್ಯಾಕು

ದೊಡವಾಡದ ಬಸವಣ್ಣೆಪ್ಪನಿಗೆ ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಕೈಗೆ ಕೆಲಸ ಕಡಿಮೆಯಾಗಿತ್ತು, ಕಣ್ಣಿಗೆ ಆಗಿರಲಿಲ್ಲ. ಬೆಳಗಿನ ಚಹಾ ಮುಗಿಸಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತನೆಂದರೆ, ಸೊಸೆ ಮಂಜುಳಾ ಎದುರಿನ ಮೂಲೆಯಲ್ಲಿ ಮಾಡುವ ಕೆಲಸವನ್ನು ಊಟದ ಹೊತ್ತಿನವರೆಗೆ ನೋಡುತ್ತಿದ್ದ.

ಆಕೆ ಮೊದಲು ಕೈಗೆ ತೆಗೆದುಕೊಂಡದ್ದು ಬೆಳೆಗೆ ಔಷಧಿ ಹೊಡೆಯುವ ಪಂಪಿನ ಬ್ಯಾಟರಿ. ಗಂಡ ಸುನೀಲ ಹತ್ತಿಯ ಹೊಲಕ್ಕೆ ಒಯ್ದ ಪಂಪು ಅರ್ಧಕ್ಕೇ ನಿಂತುಬಿಟ್ಟಾಗ, ಬಿಚ್ಚಿ ನೋಡಿ, ಬೈಲಹೊಂಗಲದಿಂದ ಸೆಲ್ಲು ತರಿಸಿ ತಾನೇ ಹೊಸದಾಗಿ ಕಟ್ಟಿ ಕೊಟ್ಟಳು. ಆಮೇಲೆ ಓಣಿಯ ಪಂಪುಗಳೆಲ್ಲ ಒಂದೊಂದಾಗಿ ಅವರ ಮನೆಯ ಮೆಟ್ಟಿಲು ಹತ್ತಿದವು. ಅತ್ತೆ ಇಂದ್ರವ್ವ ಮಾತ್ರ ಗೊಣಗುತ್ತಿದ್ದಳು. "ಸಕ್ಕರಿ ಡಬ್ಬಿ ತಗದ್ರ ಸೆಲ್ಲು, ಸಾಸಿವಿ ಡಬ್ಬಿ ತಗದ್ರ ಸೆಲ್ಲು. ಒಂದಿನ ಒಗ್ಗರಣಿಗೆ ಬೀಳತಾವು ನೋಡ!"

ಈಗೀಗ ಲಾರಿಗಳ ಸುಗ್ಗಿ. ನಿಜವಾದ ಲಾರಿಯಲ್ಲ, ಮೊಣಕೈ ಉದ್ದದವು. ಯರಗಟ್ಟಿ, ಸವದತ್ತಿ ಕಡೆಯ ಹುಡುಗರು ತಗಡು ಬಡಿದು, ಬಣ್ಣ ಹೊಡೆದು, ಹಿಂದೆ ಗೊಂಡೆ ಕಟ್ಟಿ, ಕೈಯಲ್ಲಿ ರಿಮೋಟು ಹಿಡಿದು ಓಡಿಸುತ್ತಾರೆ. ಗೇಣುದ್ದದ ಕಬ್ಬಿನ ತುಂಡು ಹೇರಿ ಮಣ್ಣಿನ ದಿಬ್ಬ ಹತ್ತಿಸುವ ಪಂದ್ಯವನ್ನೂ ಇಡುತ್ತಾರೆ. ಹೆಚ್ಚು ಕಬ್ಬು ಹೊತ್ತು ನೆತ್ತಿ ಮುಟ್ಟಿದ ಲಾರಿ ಗೆದ್ದಂತೆ.

ಯರಗಟ್ಟಿಯ ಗೌರೀಶ ಅಂಥದೊಂದು ಲಾರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ.

"ವೈನಿ, ಅಂಗಡಿ ಬ್ಯಾಟರಿ ದಿಬ್ಬದ ನಡು ಉಸರು ಬಿಡತೇತ್ರಿ. ಮ್ಯಾಲ ಇಟ್ರ ಲಾರಿ ಪಲ್ಟಿ ಹೊಡೀತೇತಿ. ಚಾಸಿ ಒಳಗ, ಗಾಲಿ ನಡುವ ಕುಂಡ್ರೂ ಹಂಗ ಒಂದು ಕಟ್ಟಿಕೊಡ್ರಿ."

ಮಂಜುಳಾ ಲಾರಿಯನ್ನು ಅಂಗಾತ ಮಲಗಿಸಿ, ಅಡಿಯ ಸಂದನ್ನು ಬೆರಳಿನಿಂದ ಅಳೆದಳು. ರಟ್ಟಿನ ತುಂಡು ಕತ್ತರಿಸಿ ಒಳಗಿಟ್ಟು ನೋಡಿದಳು, ಮತ್ತೆ ಕತ್ತರಿಸಿದಳು. "ಆರು ಸೆಲ್ಲು ಕುಂಡ್ರತಾವು. ಅಡ್ಡಡ್ಡ ಮೂರು ಜೋಡಿ. ಮಾಡೂಣು. ಆದ್ರ ಟೈಮ್ ಬೇಕು."

"ಪಂದ್ಯ ಮುಂದಿನ ವಾರನ ಐತ್ರಿ!"

"ಹಂಗಾರ ಬಾಯಿ ಮುಚ್ಚಿಕೊಂಡು ಹೋಗಪಾ, ನಾ ಕೆಲಸ ಸುರು ಮಾಡತೇನಿ" ಎಂದು ನಕ್ಕಳು.

ಗೌರೀಶ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ, "ಹೆಣ್ಮಗಳು ಕಟ್ಟಿದ್ದು ದಿಬ್ಬಾ ಏರತೇತೇನು ಅಂತ ಎಲ್ಲಾರೂ ನಗಾಕ ಹತ್ಯಾರ್ರಿ. ನಿಂತ್ರ ನಂದಷ್ಟ ಅಲ್ಲ, ನಿಮ್ಮದೂ ಹೆಸರು ಹೋಗತೇತಿ."

ಮಂಜುಳಾ ರಟ್ಟಿನ ತುಂಡನ್ನು ಇನ್ನೊಮ್ಮೆ ಅಳೆದಳು. ಆ ಮಾತು ಆಕೆಗೆ ತಾಗಿದ್ದು ಬಸವಣ್ಣೆಪ್ಪನಿಗೆ ಗೊತ್ತಾಯಿತು. ಊರಿನ ಪಂಪು ಬೇರೆ, ಹೊರಗಿನವರ ಎದುರು ಪಂದ್ಯಕ್ಕೆ ನಿಲ್ಲುವುದು ಬೇರೆ.

ಅಂದಿನಿಂದ ಆತನ ನೋಟಕ್ಕೆ ಕೆಲಸ ಹೆಚ್ಚಾಯಿತು. ಮಂಜುಳಾ ಒಂದೇ ಬಣ್ಣದ, ಒಂದೇ ಅಳತೆಯ ಸೆಲ್ಲುಗಳನ್ನು ತುಂಬ ಚಾರ್ಜು ಮಾಡಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದಳು. ಮುಟ್ಟಲಿಲ್ಲ. ಎರಡು ದಿನ ಕಳೆದ ಮೇಲೆ ಒಂದೊಂದಕ್ಕೂ ಮೀಟರು ಹಚ್ಚಿ ನೋಡಿ, ಎರಡನ್ನು ಹೊರಗೆ ತೆಗೆದಳು.

"ಅವಕ್ಕೇನಾಗೇತಿ ತಂಗಿ? ಎಲ್ಲಾ ಒಂದ ನಮೂನಿ ಕಾಣತಾವಲ್ಲ?"

"ಸುಮ್ನ ನಿಂತಲ್ಲೇ ಇಳದಾವ್ರಿ ಮಾವಾರ. ಇವನ್ನ ಉಳಿದ ಸೆಲ್ಲಿನ ಜೋಡಿ ಕಟ್ಟಿದ್ರ, ಇವು ಬ್ಯಾಗ ಬರಿದಾಗಿ ಆ ಚಲೋ ಸೆಲ್ಲನ್ನೂ ಕೆಡಸತಾವು." ಮೀಟರು ಕೆಳಗಿಟ್ಟು ಕೇಳಿದಳು, "ನೀವು ಎತ್ತು ತಂದಾಗ ಹೆಂಗ ನೋಡತಿದ್ರಿ?"

"ತಂದ ದಿನ ನೋಡತಿದ್ದಿಲ್ಲವ್ವಾ. ಸಂತ್ಯಾಗ ನಿಂತಾಗ ಎಲ್ಲಾ ಎತ್ತೂ ಚಂದನ ಇರತಾವು. ಎಂಟು ದಿನ ಗ್ವಾದಲ್ಯಾಗ ಕಟ್ಟಿ, ಮೇವು ಹೆಂಗ ತಿಂತಾವು, ಹೆಂಗ ಮಲಗತಾವು, ಅದನ್ನ ನೋಡತಿದ್ವಿ. ಜೋಡಿ ಕಟ್ಟೂದು ಆಮ್ಯಾಲ."

ಮಂಜುಳಾ ತಲೆಯಾಡಿಸಿ ಮತ್ತೆ ಬಗ್ಗಿದಳು. ಸೆಲ್ಲುಗಳ ನಡುವೆ ಗಟ್ಟಿ ಕಾಗದ ಇಟ್ಟಳು. ತೆಳ್ಳನೆಯ ನಿಕಲ್ ಪಟ್ಟಿಯನ್ನು ತಲೆಯಿಂದ ತಲೆಗೆ ಹಾಸಿ, ಬೆಸೆಯುವ ಮಷೀನಿನ ಎರಡು ಮೊನೆ ಒತ್ತಿದಾಗ ಚಟಕ್ಕನೆ ಕಿಡಿ ಹಾರಿ ಪಟ್ಟಿ ಅಂಟಿಕೊಂಡಿತು. ಅಂಟಿದ ಪ್ರತಿಯೊಂದನ್ನೂ ಎಳೆದು ನೋಡಿದಳು. ಸೆಲ್ಲು ಅತಿಯಾಗಿ ತುಂಬದಂತೆ, ಪೂರ್ತಿ ಬರಿದಾಗದಂತೆ ಕಾಯುವ ಬೆರಳಗಲದ ಬೋರ್ಡೊಂದನ್ನು ಪಕ್ಕಕ್ಕೆ ಬೆಸೆದಳು. ಕೊನೆಗೆ ನೀಲಿ ಪ್ಲಾಸ್ಟಿಕ್ಕಿನ ಚೀಲ ತೊಡಿಸಿ ಬಿಸಿಗಾಳಿ ಬಿಟ್ಟಳು. ಚೀಲ ಮೈಗೆ ಬಿಗಿದುಕೊಂಡಿತು. ಬಸವಣ್ಣೆಪ್ಪ ಪ್ಯಾಕನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತ. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆಯಿಲ್ಲ. ಇಂಥ ಕೆಲಸಗಾರಿಕೆಯನ್ನು ಆತ ಹಳೆಯ ಕಾಲದ ಬಡಿಗರ ಗಾಲಿಗಳಲ್ಲಿ ಕಂಡಿದ್ದ.

ಪಂದ್ಯದ ದಿನ ಮಾವ-ಸೊಸೆ ಬಸ್ಸು ಹಿಡಿದು ಯರಗಟ್ಟಿಗೆ ಹೋದರು. ಪ್ಯಾಕನ್ನು ಹಿಂದಿನ ದಿನವೇ ಗೌರೀಶ ಒಯ್ದು ಲಾರಿಗೆ ಕೂರಿಸಿದ್ದ. ಬಯಲಿನಲ್ಲಿ ಕೆಂಪು ಮಣ್ಣಿನ ದಿಬ್ಬ, ಸುತ್ತ ಜನ, ಮೈಕು ಹಿಡಿದು ಪಂದ್ಯ ನಡೆಸುವ ಅಪ್ಪು. ಗೌರೀಶನ ತಾಯಿ ಬಾಯವ್ವ ಆಗಷ್ಟೇ ಕಾಯಿ ಒಡೆದು ಲಾರಿಯ ಪೂಜೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಲಾರಿಯ ತುಂಬ ಎಲ್ಲಮ್ಮನ ಭಂಡಾರದ ಅರಿಸಿನ ಹಳದಿಯಾಗಿ ಮೆತ್ತಿತ್ತು.

ಮಂಜುಳಾ ಬಗ್ಗಿದವಳು ಹಾಗೆಯೇ ನಿಂತಳು. ಲಾರಿಯ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಆಯಿ, ಕಾಯಿ ನೀರು ಎಲ್ಲಿ ಹಾಕೀರಿ?"

"ಎಲ್ಲಿ ಹಾಕಬೇಕೋ ಅಲ್ಲೇ ಹಾಕೇನಿ. ಲಾರಿ ಜೀವ ಬ್ಯಾಟರ್ಯಾಗ ಐತಿ ಅಂತ ಗೌರ್ಯಾನ ಹೇಳ್ಯಾನ. ಕಬ್ಬು ಹೇರೂ ಪೆಟಗಿ ಎತ್ತಿ, ಜೀವಕ್ಕ ಹಾಕೇನಿ. ಪೂರಾ ಒಂದು ಕಾಯಿದು."

ಜನ ಗೊಳ್ಳೆಂದು ನಕ್ಕಿತು. ಗೌರೀಶ ಟವೆಲ್ಲು ತಂದ. "ವರಸಿ ಬಿಡ್ರಿ ವೈನಿ. ಲೈಟು ಹತ್ತಾಕತ್ತೇತಿ ನೋಡ್ರಿ, ಏನೂ ಆಗಿಲ್ಲ. ನಮ್ಮ ಪಾಳಿ ಬಂತು."

ಮಂಜುಳಾ ಬ್ಯಾಟರಿಯ ತಂತಿ ಕಿತ್ತು ಕೈಯಲ್ಲಿ ಹಿಡಿದಳು. "ನೀರು ಕುಡದದ್ದನ್ನ ಲೋಡಿನ ಮ್ಯಾಲ ಓಡಸಿದ್ರ ಬೆಂಕಿ ಹತ್ತಬಹುದು. ನಾ ಬಿಚ್ಚಿ ನೋಡೂ ಮಟ ಬ್ಯಾಡ."

"ದೊಡವಾಡದ ಬ್ಯಾಟರಿ ದಿಬ್ಬಾ ನೋಡೇ ಹೆದರೇತ್ರಪೋ!" ಎಂದು ಯಾರೋ ಕೂಗಿದರು. ಮತ್ತೆ ನಗೆ. ಬಸವಣ್ಣೆಪ್ಪನ ಕಿವಿ ಬಿಸಿಯಾದವು. ಸುಮ್ಮನೆ ಒರೆಸಿ ಓಡಿಸಿದ್ದರೆ ನಡೆಯುತ್ತಿತ್ತೇನೋ ಎಂದು ಒಂದು ಗಳಿಗೆ ಆತನಿಗೂ ಅನ್ನಿಸಿತು. ಆದರೆ ಸೊಸೆಯ ಮುಖ ನೋಡಿ ಆಕೆಯ ಪಕ್ಕಕ್ಕೆ ಬಂದು ನಿಂತ.

ಅಪ್ಪು ಹತ್ತಿರ ಬಂದ. "ಅಕ್ಕಾರ, ನಿಮ್ಮ ಪಾಳಿ ಕಡೀಕ ಹಾಕತೇನಿ. ಅಷ್ಟರಾಗ ಆದ್ರ ಆತು, ಇಲ್ಲಂದ್ರ ಇಲ್ಲ."

ಬಜಾರದ ಮೊಬೈಲ್ ರಿಪೇರಿ ಅಂಗಡಿಯವನು ಬೆಸೆಯುವ ಕಡ್ಡಿಯನ್ನೂ ಅರ್ಧ ಮೇಜನ್ನೂ ಬಿಟ್ಟುಕೊಟ್ಟ. ಮಂಜುಳಾ ನೀಲಿ ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದಳು. ತಂತಿ ಹೊರಬರುವ ಬಾಯಿಂದ ನೀರು ನುಗ್ಗಿ, ಕಾಯುವ ಬೋರ್ಡು ಅಂಟಂಟಾಗಿತ್ತು. ಅದರಾಚೆಯ ಕಾಗದ ನೀರನ್ನು ತಡೆದಿತ್ತು. ಸೆಲ್ಲುಗಳ ಮೈ ಒಣಗಿಯೇ ಇತ್ತು. ಮೂರೂ ಜೋಡಿಗೆ ಮೀಟರು ಹಚ್ಚಿದಳು. ಮೂರೂ ಸರಿಸಮ.

"ಬೋರ್ಡು ಹೋತ್ರಿ ಮಾವಾರ. ಸೆಲ್ಲು ಉಳದಾವು. ಟವೆಲ್ಲಿಲೇ ಗಟ್ಟಿ ಹಿಡೀರಿ, ಅಲ್ಲಾಡಸಬ್ಯಾಡ್ರಿ."

ಬಸವಣ್ಣೆಪ್ಪ ಹಿಡಿದ. ಆಕೆ ಒಂದು ತಂತಿ ಕತ್ತರಿಸಿ, ಅದರ ಬಾಯಿಗೆ ಟೇಪು ಸುತ್ತಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕುತ್ತಿದ್ದಳು. ಹೊರಗೆ ಮೈಕು ಒಂದೊಂದೇ ಲಾರಿಯ ಹೆಸರು ಕೂಗುತ್ತಿತ್ತು. ಗೌರೀಶ ಬಾಗಿಲಲ್ಲಿ ಕಾಲು ಸುಟ್ಟವನಂತೆ ಕುಣಿಯುತ್ತಿದ್ದ. ಆಕೆಯ ಕೈ ಮಾತ್ರ ಮನೆಯ ಪಡಸಾಲೆಯಲ್ಲಿ ಇದ್ದಷ್ಟೇ ನಿಧಾನವಾಗಿತ್ತು.

ಸೆಲ್ಲುಗಳನ್ನು ಲಾರಿಯ ತಂತಿಗೇ ನೇರವಾಗಿ ಬೆಸೆದು, ಸೆಲ್ಲಿನ ವೋಲ್ಟೇಜನ್ನು ಅಂಕಿಯಲ್ಲಿ ತೋರಿಸುವ ಅಂಗಡಿಯ ಚಿಕ್ಕ ಮೀಟರೊಂದನ್ನು ಲಾರಿಯ ಪಕ್ಕೆಗೆ ಟೇಪಿನಿಂದ ಕಟ್ಟಿ ಎದ್ದಳು. "ಈಗ ಇದನ್ನ ಕಾಯಾಕ ಬೋರ್ಡಿಲ್ಲ. ನಾನ ಕಾಯಬೇಕು. ನಾ ಕೈ ಎತ್ತಿದಾಗ ಓಡಸು, ಇಳಸಿದಾಗ ಬಿಡು. ಮಂದಿ ಏನ ಅನ್ನಲಿ, ಬಿಟ್ಟಬಿಡಬೇಕು. ಆಗತೇತೇನು?"

"ಆತ್ರಿ ವೈನಿ."

ಸವದತ್ತಿಯವನೊಬ್ಬ ನಲವತ್ತು ತುಂಡು ಹೊತ್ತು ನೆತ್ತಿ ಮುಟ್ಟಿ ಮೀಸೆ ತಿರುವುತ್ತಿದ್ದ. ಗೌರೀಶ ನಲವತ್ತೊಂದು ಹೇರಿದ. ಲಾರಿಯ ಹಿಂಭಾಗ ಕುಸಿಯಿತು. ಮಂಜುಳಾ ಪಕ್ಕದಲ್ಲೇ ಬಗ್ಗಿ, ಮೀಟರಿನ ಮೇಲೆ ಕಣ್ಣು ನೆಟ್ಟು ಬಲಗೈ ಎತ್ತಿದಳು.

ಲಾರಿ ಹೊರಟಿತು. ಮಂಜುಳಾ ಬಗ್ಗಿಕೊಂಡೇ ಅದರ ಪಕ್ಕ ಹೆಜ್ಜೆ ಹಾಕಿದಳು. ಗಾಲಿ ಮಣ್ಣನ್ನು ಕಚ್ಚಿ ಕಚ್ಚಿ ಏರಿತು. ಎಲ್ಲರೂ ಲಾರಿ ನೋಡುತ್ತಿದ್ದರು, ಬಸವಣ್ಣೆಪ್ಪ ಸೊಸೆಯ ಕೈ ನೋಡುತ್ತಿದ್ದ. ನೆತ್ತಿಗೆ ಇನ್ನೊಂದು ಮಾರು ಉಳಿದಾಗ ಆ ಕೈ ಕೆಳಗಿಳಿಯಿತು.

"ಏ, ಒತ್ತೋ! ಬಿಡಬ್ಯಾಡೋ!" ಜನ ಕಿರುಚಿತು. ಗೌರೀಶ ರಿಮೋಟಿನಿಂದ ಹೆಬ್ಬೆರಳು ತೆಗೆದ.

ಲಾರಿ ಇಳಿಜಾರಿನಲ್ಲಿ ನಿಂತಿತು. ಬಿಗಿಯಾದ ಗೇರು ಗಾಲಿಯನ್ನು ಹಿಂದಕ್ಕೆ ಬಿಡಲಿಲ್ಲ. ಯಾರೋ ಸೀಟಿ ಹೊಡೆದರು, ಯಾರೋ "ಮುಗೀತು, ನಡೀರಿ ಮನಿಗೆ" ಎಂದರು. ಮಂಜುಳಾ ಕತ್ತೆತ್ತಲಿಲ್ಲ. ಮೀಟರಿನಲ್ಲಿ ಇಳಿದಿದ್ದ ಅಂಕಿ ಮೆಲ್ಲಗೆ, ಬಹಳ ಮೆಲ್ಲಗೆ ಏರತೊಡಗಿತ್ತು. ದಣಿದ ಸೆಲ್ಲು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಆಕೆ ಕಾದಳು. ಜನರ ಗದ್ದಲ ತಾನಾಗಿಯೇ ಇಳಿಯಿತು. ಬಾಯವ್ವ ಕೂಡ ಬಾಯಿಗೆ ಸೆರಗು ಹಿಡಿದು ನಿಂತಳು.

ಕೈ ಮೇಲೆದ್ದಿತು. ಗೌರೀಶ ಒತ್ತಿದ. ಲಾರಿ ಒಮ್ಮೆ ಅದುರಿ, ಗಾಲಿ ತಿರುಗಿ, ಉಳಿದ ಮಾರನ್ನೂ ಏರಿ ನೆತ್ತಿಯ ಮೇಲೆ ಮೂಗು ಚಾಚಿ ನಿಂತಿತು.

"ನಡುವ ನಿಂತದ್ದು ನಡೀತೇತೇನ್ರಿ?" ಎಂದು ಸವದತ್ತಿಯವನು ತಕರಾರು ತೆಗೆದ.

"ಗಾಲಿ ಹಿಂದಕ್ಕ ಬಂದಿಲ್ಲಪಾ. ನಿಂತು ಉಸರು ತಗೊಳ್ಳಾಕ ಯಾರೂ ಬ್ಯಾಡ ಅಂದಿಲ್ಲ" ಎಂದ ಅಪ್ಪು, ಮೈಕಿನಲ್ಲೇ. ಹಲಗೆಗಳು ಮೊಳಗಿದವು. ಬಾಯವ್ವ ಓಡಿಬಂದು ಮಂಜುಳಾಳ ಗಲ್ಲಕ್ಕೆ ಮುಷ್ಟಿ ಭಂಡಾರ ಮೆತ್ತಿದಳು. "ಆಯಿ, ನನಗ ಎಷ್ಟರ ಹಚ್ಚರಿ. ಬ್ಯಾಟರಿಗೆ ಮಾತ್ರ ಬ್ಯಾಡ್ರಿ" ಎಂದು ಆಕೆ ಕೈ ಮುಗಿದಾಗ ಎಲ್ಲರಿಗಿಂತ ಜೋರಾಗಿ ಬಾಯವ್ವನೇ ನಕ್ಕಳು.

ಸವದತ್ತಿಯವನು ಬಿಚ್ಚಿದ ಪ್ಯಾಕಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಪಟ್ಟಿಗಳನ್ನು ನೋಡಿಯೇ ನೋಡಿದ. ಆಮೇಲೆ ತನ್ನ ಲಾರಿ ತಂದು ಮಂಜುಳಾಳ ಮುಂದಿಟ್ಟ. "ಅಕ್ಕಾರ, ನಂದೂ ಒಂದು ಕಟ್ಟರಿ. ಎಂದ ಬರಲಿ?"

"ನಾ ಕರದಾಗ ಬರ್ರಿ. ಅವಸರ ಇದ್ರ ಈಗ ತಗೊಂಡ ಹೋಗ್ರಿ."

ಅವನು ಲಾರಿ ಬಿಟ್ಟು ಹೋದ. ಅವನ ಹಿಂದೆ ಇನ್ನಿಬ್ಬರು ಬಿಟ್ಟು ಹೋದರು.

ಸಂಜೆಯ ಬಸ್ಸಿನಲ್ಲಿ ಮಂಜುಳಾ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ಬಸವಣ್ಣೆಪ್ಪ ಮೂರು ಲಾರಿಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಒಟ್ಟಿಕೊಂಡು ಕುಳಿತಿದ್ದ. ಕಂಡಕ್ಟರ ಬಂದು ಬೆರಗಾಗಿ ನೋಡಿದ.

"ಏನ್ರಿ ಅಜ್ಜಾರ, ಲಾರಿಗೋಳ್ನ ಬಸ್ಸಿನ್ಯಾಗ ಕುಂಡ್ರಿಸಿಕೊಂಡು ಹೊಂಟೀರಿ? ಕೆಟ್ಟಾವೇನು?"

"ಕೆಟ್ಟಿಲ್ಲಪಾ" ಎಂದ ಬಸವಣ್ಣೆಪ್ಪ, ಸೊಸೆಗೆ ಎಚ್ಚರವಾಗದಂತೆ ದನಿ ತಗ್ಗಿಸಿ. "ನಮ್ಮ ಮಂಜವ್ವನ ಕಡೆ ಹೊಂಟಾವು."