ಸೀಸದ ವಯಸ್ಸು

ಧರಣಿಗೆ ಆ ಕಲ್ಲು ಸಿಕ್ಕಿತೆಂದು ವಿಭಾಗದಲ್ಲಿ ಹೊಟ್ಟೆ ಉರಿದುಕೊಳ್ಳದವರಿರಲಿಲ್ಲ. ನೋಡಲು ಅರ್ಧ ಸುಟ್ಟ ಸೌದೆಯ ತುಂಡು. ಬಂದದ್ದು ಮಾತ್ರ ಹಿಂದೂ ಮಹಾಸಾಗರದ ತಳದಿಂದ. ಅಲ್ಲಿ ಬಿರುಕಿಗಿಳಿದ ನೀರು ಕೆಳಗಿನ ಕಾವಿಗೆ ಕಾದು, ಬಂಡೆಯೊಳಗಿನ ಲೋಹಗಳನ್ನು ಕರಗಿಸಿಕೊಂಡು ಮೇಲೆ ಚಿಮ್ಮುತ್ತದೆ. ತಣ್ಣೀರು ತಾಕಿದ್ದೇ ತಡ, ಹೊತ್ತು ತಂದದ್ದನ್ನೆಲ್ಲ ಅಲ್ಲೇ ಬಿಟ್ಟು ಚಿಮಣಿ ಕಟ್ಟುತ್ತದೆ. ಅಂಥದೊಂದು ಚಿಮಣಿಯ ಚೂರನ್ನು ಅವಳ ಗೈಡ್ ವೃಷಭೇಂದ್ರಪ್ಪನವರು ಹಡಗಿನಲ್ಲಿ ಹೋಗಿಬಂದ ಗೆಳೆಯನನ್ನು ಕಾಡಿಬೇಡಿ ತರಿಸಿದ್ದರು. ಇನ್ನೊಂದು ಸಿಗುವ ಮಾತೇ ಇರಲಿಲ್ಲ. ಧರಣಿಯ ಪಿಎಚ್.ಡಿ. ಅದರ ಮೇಲೇ ನಿಂತಿತ್ತು, ರಿಜಿಸ್ಟ್ರೇಷನ್ನಿಗೆ ಕೊನೆಯ ವರ್ಷ ಬೇರೆ.

ಅವಳು ಹುಡುಕುತ್ತಿದ್ದದ್ದು ಕಲ್ಲಿನೊಳಗಿನ ಚೂರುಪಾರು ಸೀಸವನ್ನು. ಸೀಸದಲ್ಲಿ ತೂಕದ ಸಣ್ಣ ವ್ಯತ್ಯಾಸವಿರುವ ಬಗೆಗಳಿವೆ, ಐಸೋಟೋಪು ಅನ್ನುತ್ತಾರೆ. ಯಾವ ಬಗೆ ಎಷ್ಟಿದೆ ಎಂದು ಅಳೆದರೆ ಬಿಸಿನೀರು ಆ ಸೀಸವನ್ನು ಎಳೆಯ ಬಂಡೆಯಿಂದ ಕರಗಿಸಿ ತಂದಿತೋ ಮುದಿ ಬಂಡೆಯಿಂದಲೋ ತಿಳಿಯುತ್ತದೆ. ಕಲ್ಲನ್ನು ಚೂರು ಚೂರಾಗಿ ಅಗೇಟು ಎಂಬ ಗಟ್ಟಿ ಕಲ್ಲಿನ ಕುಟ್ಟಾಣಿಯಲ್ಲಿ ಅರೆದು, ಆ ಪುಡಿಯನ್ನು ದೂರದ ಊರಿನ ಲ್ಯಾಬಿಗೆ ಕಳಿಸಬೇಕು. ಹೊರಗಿನ ಸೀಸ ಒಂದಿಷ್ಟೂ ಸೇರದಂತೆ ಪ್ರತಿ ಸಲವೂ ಕುಟ್ಟಾಣಿಯನ್ನು ಆಸಿಡ್ಡಿನಲ್ಲಿ ತೊಳೆಯಬೇಕು. ಇದು ಧರಣಿಗೆ ಬಾಯಿಪಾಠ.

ಹೀಗಿರುವಾಗ ಎರಡು ಸಾವಿರದ ಎರಡರ ಆಯುಧಪೂಜೆ ಬಂತು. ಧರಣಿಯ ಮನೆಯವರು ಬೌದ್ಧರಾಗಿ ದೇವರ ಪಟಗಳನ್ನೆಲ್ಲ ಇಳಿಸಿ ಬಹಳ ಕಾಲವಾಗಿತ್ತು. ವಿಭಾಗದ ಪೂಜೆಯಿಂದ ಪ್ರತಿ ವರ್ಷ ಅವಳು ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಬೆನ್ನ ಹಿಂದೆ ಅದಕ್ಕೆ ಕೊಬ್ಬು ಎಂಬ ಹೆಸರೂ ಬಿದ್ದಿತ್ತು. ಆ ವರ್ಷ ವೃಷಭೇಂದ್ರಪ್ಪನವರು ತಾವೇ ಅವಳನ್ನು ಕರೆದು ಕುಂಕುಮದ ಬಟ್ಟಲನ್ನು ಕೈಗಿತ್ತರು. ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ತಕ್ಕಡಿ, ಮೈಕ್ರೋಸ್ಕೋಪು, ಒಲೆ, ಕೊನೆಗೆ ಕುಟ್ಟಾಣಿಯ ಒಳಗೂ ಹೊರಗೂ ಧಾರಾಳವಾಗಿ ಹಚ್ಚಿದಳು.

ಹಬ್ಬ ಮುಗಿದು ಕೆಲಸಕ್ಕೆ ಕೂತಾಗ ಮೇಷ್ಟ್ರು ಎದುರಿಗೇ ಇದ್ದರು. ಪೂಜೆ ಮಾಡಿದ ಕುಂಕುಮಕ್ಕೆ ಆಸಿಡ್ ಸುರಿದರೆ ಏನಂದುಕೊಂಡಾರು ಎಂದು ಅವಳ ಕೈ ಹಿಂದೆಗೆಯಿತು. ನಲ್ಲಿ ನೀರಿನಲ್ಲಿ ತೊಳೆದು ಒರೆಸಿದಳು. ಅಷ್ಟು ಓದಿದ ಹುಡುಗಿ! ಅಂಜಿಕೆ ಹೊಕ್ಕ ಮೇಲೆ ಓದು ಎಲ್ಲಿ ನಿಲ್ಲುತ್ತದೆ? ಉಳಿದ ಕಲ್ಲೆಲ್ಲ ಅದೇ ಕುಟ್ಟಾಣಿಯಲ್ಲಿ ಪುಡಿಯಾಯಿತು.

ಲ್ಯಾಬಿನಿಂದ ಬಂದ ಉತ್ತರ ನೋಡಿ ವೃಷಭೇಂದ್ರಪ್ಪನವರು ಕುರ್ಚಿಯಿಂದ ಎದ್ದೇ ಬಿಟ್ಟರು. ಎಳೆಯ ಸಮುದ್ರತಳದ ಕಲ್ಲಿನಲ್ಲಿ ನೂರಾರು ಕೋಟಿ ವರ್ಷದ ನೆಲದ ಸೀಸ. ಅಂದರೆ ಸಾಗರದಡಿ ಮುಳುಗಿಹೋದ ಹಳೆಯ ಖಂಡದ ತುಣುಕೊಂದಿರಬೇಕು. ವಿಭಾಗಕ್ಕೆಲ್ಲ ಮೈಸೂರುಪಾಕು ಹಂಚಿ, ಪೇಪರ್ ಬರೆದು ಕಳಿಸಿಯೂ ಬಿಟ್ಟರು.

ಥೀಸಿಸ್ ಬರೆಯಲು ಕೂತಾಗ ಧರಣಿ ಅಳತೆಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ನೋಡಿದಳು. ದಸರೆಗೆ ಮುಂಚೆ ಅರೆದ ಪುಡಿಯಲ್ಲೆಲ್ಲ ಎಳೆಯ ಸೀಸ. ಆಮೇಲಿನದರಲ್ಲಿ ಮಾತ್ರ ಮುದಿ ಸೀಸ. ಪೂಜೆಯ ಕುಂಕುಮದ ಒಂದು ಚಿಟಿಕೆಯನ್ನು ಅದೇ ಲ್ಯಾಬಿಗೆ ಕಳಿಸಿ, ಊಟ ನಿದ್ದೆ ಬಿಟ್ಟು ಕಾದಳು. ಬಣ್ಣಕ್ಕೆಂದು ಯಾರೋ ಪುಣ್ಯಾತ್ಮರು ಅದರಲ್ಲಿ ಕೆಂಪು ಸೀಸ ಬೆರೆಸಿದ್ದರು. ಹಳೆಯ ನೆಲದ ಗಣಿಯಿಂದ ಬಂದ ಆ ಸೀಸದ ವಯಸ್ಸೂ ಅದೇ. ಖಂಡವೂ ಇಲ್ಲ, ಮಣ್ಣೂ ಇಲ್ಲ. ಮತ್ತೆ ಅರೆದು ನೋಡೋಣವೆಂದರೆ ಕಲ್ಲಿನ ಒಂದು ಹರಳೂ ಉಳಿದಿರಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಡಾಕ್ಟರೇಟ್ ಬರುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆ ಆಸೆಯಲ್ಲಿ ಎರಡು ವಾರ ನರಳಿ, ಕೊನೆಗೆ ಹೋಗಿ ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. ಪೇಪರನ್ನು ವಾಪಸ್ಸು ತೆಗೆದುಕೊಂಡರು, ಅಷ್ಟು ಪ್ರಾಮಾಣಿಕತೆ ಅವರಲ್ಲಿತ್ತು.

ಅವಧಿ ವಿಸ್ತರಿಸುವ ಸಮಿತಿ ಕೂತಾಗ, ಇದು ಆದದ್ದು ಹೇಗೆ ಎಂದು ಒಬ್ಬರು ಕೇಳಿದರು. ಬಟ್ಟಲು ಕೊಟ್ಟವರು ತಾವೇ ಎಂದು ಮೇಷ್ಟ್ರು ಹೇಳುತ್ತಾರೆ, ಪೂಜೆಯ ವಿಷಯ ತೆಗೆಯುತ್ತಾರೆ ಎಂದು ಧರಣಿ ಕಾದಳು. ಅವರು ಮೇಜನ್ನೇ ನೋಡುತ್ತಿದ್ದರು.

"ಏನ್ ಹೇಳ್ಲಿ ಸಾರ್, ಈ ಹುಡುಗಿ ಕೈ ತಾಕಿ ಕಲ್ಲು ಮೈಲಿಗೆ ಆಗೋಯ್ತು," ಎಂದರು.

ಆ ಪದ ಅವರ ಬಾಯಿಂದ ತಾನಾಗಿ ಬಂತೋ, ಬೇಕೆಂದೇ ಬಂತೋ ದೇವರೇ ಬಲ್ಲ. ಸಮಿತಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಅವಧಿ ವಿಸ್ತರಿಸಲಿಲ್ಲ, ರಿಜಿಸ್ಟ್ರೇಷನ್ ರದ್ದಾಯಿತು.

ರಾಮಕೃಷ್ಣನಗರದ ಬಸ್ಸಿಳಿದು ಮನೆಗೆ ಬಂದವಳು ತಾಯಿ ಸೋಮಮ್ಮನಿಗೆ ಏನನ್ನೂ ಮುಚ್ಚಿಡಲಿಲ್ಲ. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿ ಮಗಳನ್ನು ಓದಿಸಿದ ಹೆಂಗಸು ಸೋಮಮ್ಮ. ಕೇಳುತ್ತಾ ಕೇಳುತ್ತಾ ಅವಳಿಗೆ ಸಿಟ್ಟು ನೆತ್ತಿಗೇರಿತು.

"ಮನೇಲೇ ಮುಟ್ದೇ ಇರೋ ಕುಂಕ್ಮವ ಅಲ್ಲೋಗಿ ಯಾಕವ್ವ ಹಚ್ದೆ? ಹಚ್ಚಿದ್ಮೇಲೆ ತೊಳ್ಯಕ್ಕೆ ಯಾಕ್ ಎದ್ರುಕೊಂಡೆ?"

"ಅವತ್ತು ಪೂಜೇಲಿ ಫೋಟೊ ತೆಗೀವಾಗ ಮೇಷ್ಟ್ರು ನನ್ನ ಮುಂದುಕ್ಕೆ ಕರ್ದು ಅವ್ರ ಪಕ್ಕದಲ್ಲಿ ನಿಲ್ಲುಸ್ಕೊಂಡ್ರು ಕಣವ್ವ. ಐದು ವರ್ಷದಲ್ಲಿ ಅದೇ ಮೊದಲ್ನೇ ಸಲ."