ಎರಡನೇ ಬೀಗದಕೈ

ನಮ್ಮಪ್ಪ ಚಂದ್ರಶೇಖರಾಚಾರ್ರು ಕೆ.ಆರ್. ಪೇಟೆಯಲ್ಲಿ ಬೀಗ ಮಾಡುವವರು. ಬೀಗ ಕೊಂಡವರಿಗೆ ಬೀಗದಕೈಗಳನ್ನೆಲ್ಲ ಕೊಟ್ಟುಬಿಡಬೇಕು, ಹೆಚ್ಚಿಗೆ ಒಂದು ಉಳಿದರೂ ಕುಲುಮೆಗೆ ಹಾಕಬೇಕು ಎನ್ನುವುದು ನಮ್ಮ ಮನೆಯ ಕಟ್ಟು. ತಾತನ ಕಾಲದಲ್ಲಿ ಬೂಕನಕೆರೆಯ ಯಾರದೋ ಮನೆ ಕಳುವಾದಾಗ ಊರೆಲ್ಲ ತಾತನ ಕಡೆಗೇ ಬೆರಳು ತೋರಿಸಿತ್ತಂತೆ. ಅಪ್ಪ ಅದನ್ನು ಇನ್ನೂ ಮರೆತಿಲ್ಲ.

ನಾನೋ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಪಿಎಚ್‌ಡಿ ಮಾಡುತ್ತಿದ್ದೆ. ಮೂರು ವರ್ಷದ ಲೆಕ್ಕಾಚಾರವೆಲ್ಲ ಬೆಂಗಳೂರಿನ ಒಂದು ಸಂಸ್ಥೆಯ ಕಂಪ್ಯೂಟರಿನಲ್ಲಿತ್ತು. ಮನೆಯ ಕಂಪ್ಯೂಟರಿನಿಂದ ಫೋನಿನ ತಂತಿಯ ಮೂಲಕ ಅದರೊಳಗೆ ಹೋಗಲು ಎಸ್ಸೆಸ್ಸೆಚ್ ಎಂಬ ಹೊಸ ಏರ್ಪಾಡು. ಪಾಸ್‌ವರ್ಡ್ ನಡೆಯದು; ನನ್ನ ಕಂಪ್ಯೂಟರಿನಲ್ಲಿದ್ದ ಗುಟ್ಟಿನ ಕೀ ಫೈಲೇ ಬೇಕು. ಇರಲಿ ಅಂತ ಅದರದೊಂದು ನಕಲನ್ನು ಫ್ಲಾಪಿಗೆ ಹಾಕಿ ಬೀರುವಿನಲ್ಲಿಟ್ಟಿದ್ದೆ. ಏನಮ್ಮ ಅದು ಅಂತ ಅಪ್ಪ ಕೇಳಿದಾಗ, ಬೆಂಗಳೂರಿನವರ ಯಂತ್ರ ತೆಗೆಯುವ ಎರಡನೇ ಬೀಗದಕೈ ಅಂದಿದ್ದೆ.

ಸಂಸ್ಥೆಯವರು ಆ ಹಳೇ ಕಂಪ್ಯೂಟರಿನಲ್ಲಿರುವುದೆಲ್ಲ ಸೋಮವಾರ ನಸುಕಿನಲ್ಲಿ ತಾನೇ ಅಳಿಸಿಹೋಗುವ ಹಾಗೆ ಮಾಡಿದ್ದೇವೆ, ಅಷ್ಟರೊಳಗೆ ನಿಮ್ಮದನ್ನು ಇಳಿಸಿಕೊಳ್ಳಿ ಎಂದಿದ್ದರು. ಭಾನುವಾರ ಕೂತೆ. ಹಾಳಾದ ಕರೆಂಟು ಒಮ್ಮೆಗೇ ಏರಿ ಹಾರ್ಡ್‌ಡಿಸ್ಕು ಸುಟ್ಟುಹೋಯಿತು. ಹೋದರೆ ಹೋಗಲಿ, ಫ್ಲಾಪಿ ಇದೆ, ಕಾಲೇಜಿನ ಕಂಪ್ಯೂಟರಿಗೆ ಹಾಕಿದರಾಯಿತು ಅಂತ ಬೀರು ತೆಗೆದರೆ ಫ್ಲಾಪಿಯೇ ಇಲ್ಲ.

ಅಪ್ಪನನ್ನು ಕೇಳಿದೆ.

"ಕುಲುಮೆಗಾಕ್ದೆ ಕಣ್ಮಗ. ಬ್ಯಾರೇರ ಬೀಗದ್ಕೈ ನಮ್ಮನೇಲಿ ಎರಡೆರಡು ಇರ್ಬಾರ್ದು. ನಾಳೆ ಅಲ್ಲೇನಾರ ಕಳುವಾದ್ರೆ ನಿನ್ ಕಡೆಗೇ ಬೆರಳು ತೋರುಸ್ತಾರೆ."

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂಗೆಲ್ಲ ಅಂದೆ. ಅವ್ವ ವರಲಕ್ಷ್ಮಮ್ಮ ಅಡುಗೆಮನೆಯಿಂದ ಬಂದು ತಡೆದರೂ ಸುಮ್ಮನಾಗಲಿಲ್ಲ. ಸಂಸ್ಥೆಗೆ, ಗೈಡಿನ ಮನೆಗೆ ಮೇಲಿಂದ ಮೇಲೆ ಫೋನು ಮಾಡಿದೆ. ಭಾನುವಾರ ಯಾರು ಎತ್ತುತ್ತಾರೆ? ಈಗಲೇ ಬಸ್ಸು ಹಿಡಿದರೂ ಅಲ್ಲಿ ಬಾಗಿಲು ತೆಗೆಯುವವರಿಲ್ಲ; ಬೆಳಿಗ್ಗೆ ಅವರು ಬರುವುದರೊಳಗೆ ಎಲ್ಲ ಮುಗಿದಿರುತ್ತದೆ. ಮೂರು ವರ್ಷ ಮಣ್ಣುಪಾಲಾಯಿತಲ್ಲ ಅಂತ ಅಲ್ಲೇ ಕೂತು ಅತ್ತುಬಿಟ್ಟೆ.

ಅಪ್ಪ ಒಳಗೆ ಹೋಗಿ ಅರ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಂಡು, ಒಗೆದ ಅಂಗಿ ತೊಟ್ಟು ಬಂದರು.

"ಬೀಗ ಎಲ್ಲದೆ ಅಂತ ಏಳ್ಮಗ. ಈಗ್ಲೇ ಬೆಂಗ್ಳೂರಿಗೆ ಓಯ್ತೀನಿ. ಬೀಗ ಕಣ್ಣಿಗ್ ಬಿದ್ರೆ ಸಾಕು, ಬೀಗದ್ಕೈ ಮಾಡ್ಕೊಟ್ಬುಡ್ತೀನಿ."

ಈ ತಾಲ್ಲೂಕಿನಲ್ಲಿ ಅಪ್ಪನ ಕೈಗೆ ಸೋಲದ ಬೀಗವಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಸಂಕಟ ಮಾತ್ರ ಉಳಿಯಿತು. ಅದು ಕೈಯಲ್ಲಿ ಮಾಡುವಂಥ ಬೀಗದಕೈಯಲ್ಲ ಕಣಪ್ಪ ಅಂತ ಹೇಗೆ ಹೇಳುವುದು? ಅಪ್ಪ ಚೀಲ ಹಿಡಿದು ಹೊಸಿಲ ಮೇಲೆ ನಿಂತೇ ಇದ್ದರು.