ಸಂದರ್ಶನ ಅಂದ್ರ ಕನ್ಯಾ ತೋರಿಸೂದಲ್ಲ

ಗಜೇಂದ್ರಗಡದ ನೇಕಾರರ ಓಣಿಗೆ ಬೆಳಗಾಗುವುದು ಮಗ್ಗದ ಸಪ್ಪಳದಿಂದ. ಆ ದಿನ ರಾಘಣ್ಣನ ಮನೆಯ ಮಗ್ಗ ಮಾತ್ರ ಸುಮ್ಮನಿತ್ತು. ಬಿ.ಕಾಂ. ಮುಗಿಸಿದ ಮಗಳು ಪದ್ಮಶ್ರೀ ರೋಣದ ಬೀಜದ ಗೋದಾಮಿಗೆ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಅಲ್ಲಿಂದ ‘ಇಲ್ಲ’ ಎಂದು ಫೋನು ಬಂದಿತ್ತು. ಅದಕ್ಕೂ ಮೊದಲು ನರಗುಂದದಲ್ಲೂ ಹೀಗೇ ಆಗಿತ್ತು.

“ಸೋಮವಾರದ ಸಂದರ್ಶನ ಒಂದು ನೋಡೂಣು,” ಅಂದ ರಾಘಣ್ಣ. “ಅದೂ ಆಗಲಿಲ್ಲಂದ್ರ ಮುಶಿಗೇರಿಯವರು ಕನ್ಯಾ ಕೇಳಾಕತ್ತಾರಲ್ಲ, ಆ ಮನಿತನಕ್ಕ ಹೂಂ ಅಂದುಬಿಡ್ತೀನಿ.”

ಪದ್ಮಶ್ರೀಗೆ ಮದುವೆ ಬೇಡ ಅಂತೇನೂ ಇರಲಿಲ್ಲ. ಮೊದಲು ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅಂತಿತ್ತು.

ಎದುರುಮನೆಯ ಮುಬೀನಾ ಬಂದಳು. ನರಗುಂದದ ಒಂದು ದವಾಖಾನೆಯಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ವಿಭಾಗದಲ್ಲಿ ಇರುವವಳು.

“ಒಳಗ ಏನಾತು? ಖರೇ ಹೇಳು,” ಅಂದಳು.

“ತಲಿ ಬಗ್ಗಿಸಿ ಕುಂತಿದ್ದೆ ಅಕ್ಕಾ. ಮನ್ಯಾಗ ಏನ್ ಮಾಡ್ತಿ ಅಂತ ಕೇಳಿದ್ರು. ಏನಿಲ್ರಿ, ಸುಮ್ನ ಇರ್ತೀನಿ ಅಂದೆ. ಉಳಿದದ್ದು ಅಪ್ಪ ಹೇಳಿದ.”

“ಕಾಕಾನೂ ಒಳಗ ಹೋಗಿದ್ರಾ?”

“ಹೆಣ್ಣುಹುಡುಗಿನ್ನ ಒಬ್ಬಾಕಿನ್ನ ಹ್ಯಾಂಗ ಬಿಡೂದು?” ಅಂದ ರಾಘಣ್ಣ. “ನಾ ಚಲೋದ ಹೇಳೇನಿ. ಭಾಳ ಸಂಭಾವಿತ ಹುಡುಗಿ ಸಾಹೇಬ್ರ, ಎದುರು ಮಾತಾಡೂದಿಲ್ಲ, ತಲಿ ಎತ್ತೂದಿಲ್ಲ ಅಂದೆ.”

ಮುಬೀನಾ ದುಪಟ್ಟಾ ಬಾಯಿಗೆ ಅಡ್ಡ ಹಿಡಿದಳು. “ಕಾಕಾ, ನೀವು ಕನ್ಯಾ ತೋರಿಸಿ ಬಂದೀರಿ. ಅವ್ರು ಗೋದಾಮು ನೋಡ್ಕೊಳ್ಳವರನ್ನ ಹುಡುಕಾಕತ್ತಿದ್ರು.”

ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಜ್ಜಿ ಕಾಶಿಬಾಯಿಗೆ ಇದು ಹಿಡಿಸಲಿಲ್ಲ. “ಹಂಗ ತಲಿ ಬಗ್ಗಿಸಿ ಕುಂದರಾಕ ನಾನ ಕಲಿಸೇನಿ. ನಮ್ಮದು ನಾವ ಹೇಳ್ಕೊಂಡ್ರ ಬಡಾಯಿ ಅಂತಾರ ಮಂದಿ.”

“ಮಾಡಲಾರದ್ದನ್ನ ಮಾಡೀನಿ ಅಂದ್ರ ಬಡಾಯಿ, ಅಜ್ಜಿ. ಅದಿರ್ಲಿ, ನಿಮ್ಮ ಮಗ್ಗದ ನೂಲು ಯಾರು ನೋಡ್ಕೋತಾರ?”

“ಮತ್ತ್ಯಾರು, ಇಕಿನ. ಯಾವ ಬಣ್ಣ ಎಷ್ಟು ಉಳದೈತಿ, ಯಾವುದು ತರಿಸಬೇಕು, ಎಲ್ಲಾ ಇಕಿಗೇ ಗೊತ್ತು. ಇಕಿ ಇಲ್ಲಂದ್ರ ಸೀರಿ ಅರ್ಧಕ್ಕ ನಿಂದರ್ತಾವ.”

“ಮತ್ತ ಇಕಿ ಸುಮ್ನ ಇರ್ತಾಳೇನು?”

ಅಜ್ಜಿಯ ಕೈ ನಿಂತಿತು. ಕಂಡಿಕೆ ಬದಿಗಿಟ್ಟು, “ಇಲ್ಲ ಬಿಡವಾ,” ಅಂದಳು.

ದೇವರು ಪ್ರತಿಯೊಬ್ಬರ ಕೈಯಲ್ಲೂ ಏನಾದರೊಂದು ಕೆಲಸ ಇಟ್ಟೇ ಕಳಿಸಿರುತ್ತಾನೆ. ಅದನ್ನು ಮುಚ್ಚಿಟ್ಟುಕೊಂಡರೆ ಕೊಟ್ಟವನಿಗೂ ಸಂತೋಷವಿರಲಿಕ್ಕಿಲ್ಲ.

ಸೋಮವಾರದ ಸಂದರ್ಶನ ಊರ ಹೊರಗಿನ ಗಾಳಿ ವಿದ್ಯುತ್ ಕಂಪನಿಯಲ್ಲಿ. ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವ ಕೆಲಸ. ಮುಬೀನಾ ಹೇಳಿದಂತೆ ಪದ್ಮಶ್ರೀ ಆ ಕಂಪನಿ ಏನು ಮಾಡುತ್ತದೆ ಅಂತ ಓದಿಕೊಂಡಳು. ಹಿಂದಿನ ದಿನವೇ ಹೋಗಿ ಕಚೇರಿ ಎಲ್ಲಿದೆ ನೋಡಿ ಬಂದಳು. ಅಂಕಪಟ್ಟಿ, ಆಧಾರ್, ಅವುಗಳ ಝೆರಾಕ್ಸ್ ಒಂದೇ ಚೀಲದಲ್ಲಿ ಇಟ್ಟಳು.

ಸಂಜೆ ಮನೆಯಲ್ಲೇ ಸಂದರ್ಶನ ನಡೆಯಿತು. ಮಗನ ಚಶ್ಮಾ ಏರಿಸಿಕೊಂಡು ಅಜ್ಜಿ ಸಾಹೇಬಳಾದಳು.

“ಹೇಳವಾ, ಸಾರು ಮಾಡಾಕ ಬರ್ತೈತೇನು?”

“ಅಜ್ಜಿ, ಸಾಹೇಬ್ರು ಸಾರು ಕೇಳೂದಿಲ್ಲ.”

“ಕೇಳಿದ್ರ? ಗಂಡಸರು ಹೊಟ್ಟಿದು ಬಿಟ್ಟು ಏನ್ ಕೇಳ್ತಾರ?”

ನಕ್ಕು ನಕ್ಕು ಪದ್ಮಶ್ರೀಯ ಅಂಜಿಕೆ ಅರ್ಧ ಇಳಿಯಿತು. ಮುಬೀನಾ ಬಿಡಲಿಲ್ಲ. “ಮುಖ ನೋಡಿ ಹೇಳು. ಲಗೂ ಲಗೂ ಬ್ಯಾಡ. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನು, ಸುಳ್ಳು ಹೊಂದಿಸಬ್ಯಾಡ. ಮತ್ತ ಕಾಕಾ, ನೀವು ಹೊರಗ.”

ಸೋಮವಾರ ರಾಘಣ್ಣ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತ. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಪ್ರಶ್ನೆ ಕೇಳಿತು: “ಮನ್ಯಾಗ ಏನ್ ಮಾಡ್ತೀರಿ?”

ರಾಘಣ್ಣ ತಡೆಯಲಾರದೆ ಅರ್ಧ ಎದ್ದ. ಆಮೇಲೆ ಬೆಂಚನ್ನು ಎರಡೂ ಕೈಯಿಂದ ಹಿಡಿದು ಕುಳಿತುಬಿಟ್ಟ.

“ಮಗ್ಗದ ನೂಲು ನಾನ ನೋಡ್ಕೋತೀನ್ರಿ,” ಅಂದಿತು ಮಗಳ ದನಿ. “ಯಾವ ಬಣ್ಣ ತೀರಾಕ ಬಂದೈತಿ ಅಂತ ಮೊದಲ ನೋಡಿ ತರಿಸ್ತೀನಿ. ನೂಲಿಲ್ಲ ಅಂತ ನಮ್ಮ ಮಗ್ಗ ನಿಲ್ಲಾಕ ಬಿಟ್ಟಿಲ್ರಿ.”

“ಸ್ಟೋರಿನ ಸಾಫ್ಟ್‌ವೇರ್ ಬರ್ತೈತೇನು?”

“ಇಲ್ರಿ. ಎಕ್ಸೆಲ್ ಬರ್ತೈತಿ. ಅದನ್ನೂ ಕಲೀತೀನ್ರಿ.”

“ನಿಮಗ ಏನರ ಕೇಳೂದೈತೇನು?”

“ಹೊಸದಾಗಿ ಬಂದವರಿಗೆ ಕೆಲಸ ಯಾರು ಕಲಿಸ್ತಾರ್ರಿ?”

ಆ ವಾರವೇ ಫೋನು ಬಂತು. ಕೆಲಸ ಆಗಿತ್ತು. ಅಜ್ಜಿ ಕಾಲಕಾಲೇಶ್ವರನಿಗೆ ಕಾಯಿ ಒಡೆಸಿ, ಒಂದು ಹೋಳು ಮುಬೀನಾಳ ಕೈಗೆ ಕೊಟ್ಟಳು.

ಸುದ್ದಿ ಕೇಳಿ ಮುಶಿಗೇರಿಯವರು ತಾವೇ ಕನ್ಯಾ ನೋಡಲು ಬಂದರು. ಪದ್ಮಶ್ರೀ ರೂಢಿಯಂತೆ ತಲೆ ತಗ್ಗಿಸಿ ಕುಳಿತಳು. ಅಜ್ಜಿ ಮೊಣಕೈಯಿಂದ ತಿವಿದು, “ತಲಿ ಎತ್ತವಾ. ಕೇಳೂದಿದ್ರ ಕೇಳು,” ಅಂದಳು.

ಪದ್ಮಶ್ರೀ ತಲೆ ಎತ್ತಿದಳು. ಹುಡುಗನ ಮುಖ ನೋಡಿ, ಮೆಲ್ಲಗೆ, “ನೀವು ಮನ್ಯಾಗ ಏನ್ ಮಾಡ್ತೀರಿ?” ಅಂತ ಕೇಳಿದಳು.

ಹುಡುಗನ ಅಪ್ಪ ಬಾಯಿ ತೆರೆದ. ರಾಘಣ್ಣ ಅವನ ಕೈ ಹಿಡಿದ. “ತಡೀರಿ ಬೀಗ್ರ. ಅವನೇ ಹೇಳ್ಲಿ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ‘ಸುಮ್ಮನೆ ಇರುವ’ ಮಗನೋ ಮಗಳೋ ಇದ್ದರೆ, ಅವರು ದಿನಾ ಏನೇನು ಮಾಡುತ್ತಾರೆ ಅಂತ ಇವತ್ತೇ ಬಾಯಿಬಿಟ್ಟು ಹೇಳಿಸಿ. ಮನೆಯವರ ಮುಂದೆ ನಾಲ್ಕು ಸಲ ಹೇಳಿದ ಮಾತು ಸಾಹೇಬರ ಮುಂದೆ ತಡವರಿಸುವುದಿಲ್ಲ. ಬಾಗಿಲ ತನಕ ಜೊತೆಗೆ ಹೋಗಿ, ಹರಸಿ ಕಳಿಸಿ. ಒಳಗಿನ ಮಾತು ಮಾತ್ರ ಅವರಿಗೇ ಬಿಡಿ.